ವಿವರಣೆ | ದೇಶ ಬಿಟ್ಟ ಲೇಖಕ, ಪುರಾಣದ ಪಂಡಿತ: ಈ ಪತ್ರಗಳಿಗೂ ‘ಹಯವದನ’ಕ್ಕೂ ಏನು ನಂಟು?

ಇಬ್ಬರು ಗಂಡಸರು ಕಾಳಿಯ ಗುಡಿಯಲ್ಲಿ ತಲೆ ಕತ್ತರಿಸಿಕೊಂಡು ಸಾಯುತ್ತಾರೆ. ದೇವಿಯ ವರದಿಂದ ಅವರನ್ನು ಬದುಕಿಸಲು ಹೊರಟ ಹೆಣ್ಣು ಗಾಬರಿಯಲ್ಲಿ ತಲೆಗಳನ್ನು ಅದಲುಬದಲು ಜೋಡಿಸಿಬಿಡುತ್ತಾಳೆ. ಈಗ ಅವಳ ಗಂಡ ಯಾರು? ತಲೆ ಇರುವವನೋ, ದೇಹ ಇರುವವನೋ?

ಕನ್ನಡಿಗರಿಗೆ ಇದು ಗಿರೀಶ ಕಾರ್ನಾಡರ ‘ಹಯವದನ’ ನಾಟಕದ ಪ್ರಶ್ನೆ. ವಿಕ್ರಮ–ಬೇತಾಳನ ಕಥೆ ಕೇಳಿ ಬೆಳೆದವರಿಗೆ ಅದಕ್ಕಿಂತ ಹಳೆಯ ಪ್ರಶ್ನೆ. ಆದರೆ ವಿಕ್ರಮನ ಹೆಗಲಿನಿಂದ ಈ ಕಥೆ ನೇರವಾಗಿ ಧಾರವಾಡಕ್ಕೆ ಇಳಿಯಲಿಲ್ಲ. ನಡುವೆ ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಒಬ್ಬ ಲೇಖಕ ಮತ್ತು ಕುರ್ಚಿ ಕಳೆದುಕೊಂಡ ಒಬ್ಬ ಸಂಸ್ಕೃತ ಪಂಡಿತ ಇದ್ದಾರೆ. ಆ ಲೇಖಕನಿಗೆ ಪುರಾಣದ ಮೇಲೆ ನಂಬಿಕೆ ಉಳಿಸಿಕೊಳ್ಳಲು ನೆರವಾದ ಇನ್ನೊಬ್ಬ ವಿದ್ವಾಂಸನೂ, ಅವರಿಬ್ಬರ ನಡುವೆ ಇಪ್ಪತ್ತು ವರ್ಷ ಓಡಾಡಿದ ಪತ್ರಗಳೂ ಇವೆ.

ದೆಹಲಿಯ ಮುನಿರ್ಕಾದಲ್ಲಿ ನಿಂತರೆ ಈ ಕಥೆಯ ಎಲ್ಲ ಎಳೆಗಳೂ ಸುತ್ತಮುತ್ತಲೇ ಸಿಗುತ್ತವೆ. ಪಕ್ಕದಲ್ಲೇ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಅಲ್ಲಿ ಜರ್ಮನ್ ಅಧ್ಯಯನ ಕೇಂದ್ರವೂ ಇದೆ, ಕನ್ನಡ ಪೀಠವೂ ಇದೆ. ಹೊರ ವರ್ತುಲ ರಸ್ತೆ ದಾಟಿದರೆ ಆರ್‌.ಕೆ. ಪುರಂ; ಅದರ ಆ ಬದಿಯ ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ. ಜರ್ಮನ್ ಓದುವವರು, ಕನ್ನಡ ಓದುವವರು, ಕನ್ನಡ ನಾಟಕ ನೋಡುವವರು ಒಂದೇ ಬಸ್ ಸ್ಟಾಪಿನಲ್ಲಿ ಇಳಿಯುವ ಜಾಗ ಇದು. ಈ ಮೂವರಿಗೂ ಸೇರಿದ ಕಥೆ ಇಲ್ಲಿದೆ.

ಯಾರು ಈ ಲೇಖಕ?

ಥಾಮಸ್ ಮಾನ್. 1875ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ ಹುಟ್ಟಿದ ಕಾದಂಬರಿಕಾರ. 1929ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಜರ್ಮನ್ ಸಾಹಿತ್ಯದ ಅತಿ ದೊಡ್ಡ ಹೆಸರುಗಳಲ್ಲಿ ಅವರದೂ ಒಂದು.

1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಫೆಬ್ರುವರಿ 10ರಂದು ಮಾನ್ ಮ್ಯೂನಿಕ್‌ನಲ್ಲಿ ಸಂಗೀತಗಾರ ವಾಗ್ನರ್ ಬಗ್ಗೆ ಉಪನ್ಯಾಸ ಕೊಟ್ಟರು. ಅದೇ ಉಪನ್ಯಾಸವನ್ನು ಆಮ್‌ಸ್ಟರ್‌ಡ್ಯಾಮ್, ಬ್ರಸೆಲ್ಸ್, ಪ್ಯಾರಿಸ್‌ಗಳಲ್ಲಿ ಕೊಡಲು ಮರುದಿನ ಪತ್ನಿಯೊಂದಿಗೆ ಹೊರಟರು. ಅದು ಕೆಲವೇ ವಾರಗಳ ಪ್ರವಾಸ. ಆದರೆ ಸ್ವಿಟ್ಜರ್ಲೆಂಡ್‌ನಲ್ಲಿ ವಿಶ್ರಾಂತಿಗೆ ಉಳಿದಿದ್ದಾಗ ಮಕ್ಕಳಾದ ಎರಿಕಾ ಮತ್ತು ಕ್ಲಾಸ್ ಮ್ಯೂನಿಕ್‌ನಿಂದ ಫೋನ್ ಮಾಡಿದರು. ಫೋನ್ ಕದ್ದು ಕೇಳುವವರಿರಬಹುದೆಂಬ ಭಯಕ್ಕೆ, ಊರಿನಲ್ಲಿ ಹವೆ ಚೆನ್ನಾಗಿಲ್ಲ, ಬರಬೇಡಿ ಎಂದು ಒಗಟಿನ ಹಾಗೆ ಹೇಳಿದರು. ಮಾನ್ ಮನೆಗೆ ಹಿಂದಿರುಗಲಿಲ್ಲ.

ಅಣ್ಣ ಹೈನ್ರಿಶ್ ಮತ್ತು ಮಗ ಕ್ಲಾಸ್ ಬರೆದ ಪುಸ್ತಕಗಳು ಅದೇ ವರ್ಷದ ಮೇ ತಿಂಗಳಲ್ಲಿ ನಾಜಿಗಳು ಹಚ್ಚಿದ ಬೆಂಕಿಗೆ ಬಿದ್ದವು. ಥಾಮಸ್ ಮಾನ್ ಬರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿ ಮ್ಯೂನಿಕ್ ಮನೆಯಲ್ಲೇ ಉಳಿದಿತ್ತು. ಅದನ್ನು ಮಗಳು ಎರಿಕಾ ಹೊರಗೆ ತಂದುಕೊಟ್ಟರು.

ಆ ಕಾದಂಬರಿಯ ವಸ್ತು ಗಮನಿಸಬೇಕು. ಯಹೂದಿಗಳ ಧರ್ಮಗ್ರಂಥದಲ್ಲಿ ಬರುವ ಜೋಸೆಫ್ ಮತ್ತು ಅವನ ಸಹೋದರರ ಕಥೆ ಅದು. ಯಹೂದಿಗಳನ್ನು ಮನುಷ್ಯರೇ ಅಲ್ಲ ಎಂದು ಸರ್ಕಾರವೇ ಸಾರುತ್ತಿದ್ದ ಹೊತ್ತಿನಲ್ಲಿ, ಜರ್ಮನ್ ಭಾಷೆಯ ದೊಡ್ಡ ಲೇಖಕನೊಬ್ಬ ಯಹೂದಿ ಪುರಾಣ ಕಟ್ಟುತ್ತಿದ್ದ. ನಾಲ್ಕು ಸಂಪುಟಗಳ ಈ ಕೃತಿಯ ಮೊದಲ ಸಂಪುಟ ಬಂದದ್ದು 1933ರಲ್ಲಿ, ಕೊನೆಯದು 1943ರಲ್ಲಿ. ನಡುವಿನ ಹತ್ತು ವರ್ಷಗಳಲ್ಲಿ ಲೇಖಕನ ವಿಳಾಸ ಮತ್ತೆ ಮತ್ತೆ ಬದಲಾಯಿತು.

ಪತ್ರ ಶುರುವಾದದ್ದು ಹೇಗೆ?

1934ರ ಆರಂಭದಲ್ಲಿ, ಜ್ಯೂರಿಕ್ ಸರೋವರದ ದಡದ ಕ್ಯುಸ್ನಾಖ್ಟ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದ ಮಾನ್‌ಗೆ ಹಂಗೆರಿಯಿಂದ ಅಂಚೆ ಬಂತು. ಕಳಿಸಿದವರು ಕಾರ್ಲ್ ಕೆರೇನಿ, ಪ್ರಾಚೀನ ಗ್ರೀಕ್ ಧರ್ಮ ಮತ್ತು ಪುರಾಣಗಳ ವಿದ್ವಾಂಸ. ಮಾನ್‌ಗಿಂತ 22 ವರ್ಷ ಚಿಕ್ಕವರು. ಗ್ರೀಕ್ ದೇವತೆ ಅಪೊಲೊ ಕುರಿತ ತಮ್ಮ ಬರಹವನ್ನು ಕಳಿಸಿದ್ದರು.

ಮಾನ್ ಜನವರಿಯಲ್ಲೇ ಉತ್ತರ ಬರೆದರು. ಅಲ್ಲಿಂದ ಶುರುವಾದ ಪತ್ರ ವ್ಯವಹಾರ ಯುದ್ಧದ ನಡುವಿನ ವಿರಾಮ ಬಿಟ್ಟರೆ 1955ರಲ್ಲಿ ಮಾನ್ ತೀರಿಕೊಳ್ಳುವ ತನಕ ನಡೆಯಿತು. ಕೆರೇನಿ ತಮ್ಮ ಹೊಸ ಪುಸ್ತಕ, ಲೇಖನಗಳನ್ನು ಕಳಿಸುತ್ತಿದ್ದರು. ಮಾನ್ ಅವನ್ನು ಓದಿ, ತಮ್ಮ ಕಾದಂಬರಿಗೆ ಅದರಿಂದ ಏನು ದಕ್ಕಿತು ಎಂದು ಬರೆಯುತ್ತಿದ್ದರು. ದೇವತೆಗಳ ದೂತನೂ, ಸತ್ತವರ ದಾರಿ ತೋರುವವನೂ, ಚೇಷ್ಟೆಗಾರನೂ ಆದ ಹರ್ಮಿಸ್ ಇಬ್ಬರಿಗೂ ಪ್ರಿಯ. ಮಾನ್ ಜೋಸೆಫ್‌ನನ್ನು ಅದೇ ಅಚ್ಚಿನಲ್ಲಿ ಬೆಳೆಸಿದರೆ, ಕೆರೇನಿ ಹರ್ಮಿಸ್ ಬಗ್ಗೆ 1944ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಇದು ಗುರು–ಶಿಷ್ಯರ ಪತ್ರವಲ್ಲ. ಅಭಿಮಾನಿಯ ಪತ್ರವೂ ಅಲ್ಲ. ಒಬ್ಬರಿಗೆ ಆಕರ ಗೊತ್ತು, ಇನ್ನೊಬ್ಬರಿಗೆ ಅದನ್ನು ಮಾತನಾಡಿಸುವುದು ಗೊತ್ತು. ಇಬ್ಬರಿಗೂ ಇನ್ನೊಬ್ಬರ ಅಗತ್ಯ ಇತ್ತು.

ಪುರಾಣ ಯಾರ ಕೈಯಲ್ಲಿದೆ?

ಈ ಪತ್ರಗಳ ನಿಜವಾದ ವಿಷಯ ಗ್ರೀಕ್ ದೇವತೆಗಳಲ್ಲ; ಪುರಾಣ ಯಾರ ಕೈಗೆ ಸೇರಬೇಕು ಎಂಬುದು.

ಅದಕ್ಕೆ ಕಾರಣ ಇತ್ತು. ನಾಜಿ ಪಕ್ಷದ ಸಿದ್ಧಾಂತಿ ಆಲ್‌ಫ್ರೆಡ್ ರೋಸನ್‌ಬರ್ಗ್ 1930ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ ‘ಇಪ್ಪತ್ತನೇ ಶತಮಾನದ ಪುರಾಣ’. ರಕ್ತ, ನೆಲ, ಜನಾಂಗ, ಆರ್ಯ ಎಂಬ ಮಾತುಗಳೆಲ್ಲ ಆ ಕಾಲದ ಜರ್ಮನಿಯಲ್ಲಿ ಪುರಾಣದ ವೇಷ ಹಾಕಿಕೊಂಡು ಬೀದಿಗೆ ಬಂದಿದ್ದವು. ಪುರಾಣ ಎಂದರೆ ಪ್ರಶ್ನೆ ಕೇಳದೆ ನಂಬಬೇಕಾದದ್ದು, ಶತ್ರು ಯಾರೆಂದು ತೋರಿಸಿಕೊಡುವುದು ಎಂಬ ಅರ್ಥ ಬೆಳೆಯುತ್ತಿತ್ತು.

ಇಂಥ ಹೊತ್ತಿನಲ್ಲಿ ವಿಚಾರವಂತರಿಗೆ ಸುಲಭದ ದಾರಿ ಪುರಾಣವನ್ನೇ ಕೈಬಿಡುವುದು. ಮಾನ್ ಹಾಗೆ ಮಾಡಲಿಲ್ಲ. 1934ರ ಪತ್ರಗಳಲ್ಲೇ ಅವರು, ಬುದ್ಧಿಯನ್ನು ತುಚ್ಛವಾಗಿ ಕಂಡು ಆವೇಶವನ್ನಷ್ಟೇ ಮೆರೆಸುವ ಹೊಸ ಫ್ಯಾಷನ್ ಬಗ್ಗೆ ಆತಂಕ ತೋಡಿಕೊಂಡಿದ್ದಾರೆ. ಜೊತೆಗೇ, ವಯಸ್ಸಾದಂತೆ ತಮ್ಮ ಆಸಕ್ತಿ ಒಬ್ಬ ವ್ಯಕ್ತಿಯ ಕಥೆಯಿಂದ ಎಲ್ಲ ಮನುಷ್ಯರಿಗೂ ಸೇರಿದ ಕಥೆಯ ಕಡೆಗೆ, ಅಂದರೆ ಪುರಾಣದ ಕಡೆಗೆ, ತಿರುಗಿದೆ ಎಂದೂ ಹೇಳಿಕೊಂಡಿದ್ದಾರೆ.

1941ರಲ್ಲಿ ಅಮೆರಿಕದಿಂದ ಬರೆದ ಪತ್ರಗಳಲ್ಲಿ ಅವರ ನಿಲುವು ಇನ್ನೂ ಸ್ಪಷ್ಟ. ಮನಶ್ಶಾಸ್ತ್ರದ ಬೆಳಕಿನಲ್ಲಿ ಪುರಾಣವನ್ನು ಓದಬೇಕು; ಫ್ಯಾಸಿಸ್ಟರ ಹಿಡಿತದಿಂದ ಅದನ್ನು ಬಿಡಿಸಿ ಮನುಷ್ಯತ್ವದ ಕೆಲಸಕ್ಕೆ ಹಚ್ಚಬೇಕು ಎಂಬುದು ಅದರ ಸಾರ. ಕೆರೇನಿ ಮನಶ್ಶಾಸ್ತ್ರಜ್ಞ ಯುಂಗ್ ಜೊತೆ ಸೇರಿ ದೈವೀ ಶಿಶುವಿನ ಕಲ್ಪನೆಯ ಬಗ್ಗೆ ಬರೆದದ್ದು ಅದೇ ದಿನಗಳಲ್ಲಿ. ಪಂಡಿತ ಮಾಡುತ್ತಿದ್ದ ಕೆಲಸದಲ್ಲಿ ಲೇಖಕನಿಗೆ ತನ್ನ ಕೆಲಸಕ್ಕೆ ಪುರಾವೆ ಕಂಡಿತು.

ಇನ್ನೊಬ್ಬ ಪ್ರಾಧ್ಯಾಪಕನ ಪತ್ರ

ಮಾನ್‌ಗೆ ವಿದ್ವಾಂಸರಿಂದ ಬಂದ ಪತ್ರಗಳೆಲ್ಲ ಇಂಥವೇ ಆಗಿರಲಿಲ್ಲ.

ದೇಶ ಬಿಟ್ಟ ಮೊದಲ ಮೂರು ವರ್ಷ ಮಾನ್ ನಾಜಿ ಸರ್ಕಾರದ ವಿರುದ್ಧ ಬಹಿರಂಗವಾಗಿ ಮಾತನಾಡಿರಲಿಲ್ಲ. ಜರ್ಮನಿಯಲ್ಲಿ ತಮ್ಮ ಪುಸ್ತಕಗಳು ಇನ್ನೂ ಮಾರಾಟವಾಗುತ್ತಿವೆ, ಓದುಗರನ್ನು ಕಳೆದುಕೊಳ್ಳಬಾರದು ಎಂಬ ಲೆಕ್ಕಾಚಾರ ಇತ್ತು. ಇದರಿಂದ ಸ್ವಂತ ಮಕ್ಕಳೇ ಸಿಟ್ಟಾಗಿದ್ದರು. 1936ರ ಫೆಬ್ರುವರಿಯಲ್ಲಿ ಜ್ಯೂರಿಕ್ ಪತ್ರಿಕೆಯೊಂದರಲ್ಲಿ ಬಹಿರಂಗ ಪತ್ರ ಪ್ರಕಟಿಸಿ ಅವರು ಮೌನ ಮುರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜರ್ಮನ್ ಪೌರತ್ವ ಹೋಯಿತು.

ಹಿಂದೆಯೇ ಬಾನ್ ವಿಶ್ವವಿದ್ಯಾಲಯದ ಡೀನ್‌ನಿಂದ ಕೆಲವೇ ಸಾಲುಗಳ ಒಂದು ಪತ್ರ ಬಂತು. 1919ರಲ್ಲಿ ಕೊಟ್ಟಿದ್ದ ಗೌರವ ಡಾಕ್ಟರೇಟ್ ಪಟ್ಟಿಯಿಂದ ನಿಮ್ಮ ಹೆಸರು ತೆಗೆದಿದ್ದೇವೆ ಎಂಬುದು ಅದರ ವಿಷಯ. ಬರೆದ ಡೀನ್ ಸ್ವತಃ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕ.

1937ರ ಹೊಸ ವರ್ಷದ ದಿನ ಮಾನ್ ಬರೆದ ಉತ್ತರ ಪುಸ್ತಿಕೆಯಾಗಿ ಹೊರಬಂತು. ಜರ್ಮನಿಯೊಳಗೆ ಅದು ಬೇರೆ ಬೇರೆ ರಕ್ಷಾಪುಟಗಳಲ್ಲಿ ಗುಟ್ಟಾಗಿ ಕೈಯಿಂದ ಕೈಗೆ ಹೋಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ ಬಾನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಮರಳಿಸಿತು.

ಡೀನ್‌ಗೂ ಕೆರೇನಿಗೂ ಓದಿನಲ್ಲಿ ಕೊರತೆ ಇರಲಿಲ್ಲ. ಒಬ್ಬರು ಸರ್ಕಾರ ಹಾಕಿದ ಗೆರೆಯೊಳಗೆ ನಿಂತು ಪತ್ರ ಬರೆದರು. ಇನ್ನೊಬ್ಬರು ಆ ಗೆರೆಯನ್ನು ಲೆಕ್ಕಿಸದೆ ಬರೆದರು. ವ್ಯತ್ಯಾಸ ಇದ್ದದ್ದು ಇಷ್ಟೇ.

ಭಾರತದ ಕಥೆ ಕೊಟ್ಟವರು ಯಾರು?

ಈಗ ಈ ಕಥೆಗೆ ಮೂರನೆಯ ವ್ಯಕ್ತಿ ಬರುತ್ತಾರೆ. ಹೈನ್ರಿಶ್ ಝಿಮ್ಮರ್, ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿದ್ಯೆಗಳ ಪ್ರಾಧ್ಯಾಪಕ. ಅವರ ಪತ್ನಿ ಕ್ರಿಸ್ಟಿಯಾನೆ, ಕವಿ ಹ್ಯೂಗೊ ಫಾನ್ ಹಾಫ್‌ಮನ್‌ಸ್ಥಾಲ್ ಅವರ ಮಗಳು. ಆ ಮನೆತನದಲ್ಲಿ ಯಹೂದಿ ಮೂಲ ಇತ್ತು. ಅಷ್ಟೇ ಸಾಕಾಯಿತು: 1938ರಲ್ಲಿ ಝಿಮ್ಮರ್ ಕೆಲಸ ಹೋಯಿತು. 1939ರಲ್ಲಿ ಇಂಗ್ಲೆಂಡಿಗೆ, 1940ರಲ್ಲಿ ನ್ಯೂಯಾರ್ಕ್‌ಗೆ ಹೋದರು. ಜೀವನವಿಡೀ ಭಾರತದ ಬಗ್ಗೆ ಬರೆದವರಿಗೆ ಭಾರತಕ್ಕೆ ಒಮ್ಮೆಯೂ ಬರಲಾಗಲಿಲ್ಲ. 1943ರಲ್ಲಿ, 52ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು.

ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯುತ್ತಿದ್ದ ಎರಾನೋಸ್ ಗೋಷ್ಠಿಯ 1938ರ ಸಂಪುಟದಲ್ಲಿ ಝಿಮ್ಮರ್ ಅವರ ಲೇಖನ ಒಂದಿತ್ತು. ವಿಷಯ, ಭಾರತದ ಜಗನ್ಮಾತೆಯ ಕಲ್ಪನೆ. ಕಾಳಿಯ ಬಗ್ಗೆ ಹೇಳುತ್ತ ಅವರು ತಲೆ ಅದಲುಬದಲಾದ ಕಥೆಯನ್ನೂ ಹೇಳಿದ್ದರು. ಮಾನ್ ಅದನ್ನು ಓದಿದರು. ಜೋಸೆಫ್ ಕಾದಂಬರಿಯ ಕೊನೆಯ ಸಂಪುಟವನ್ನು ಪಕ್ಕಕ್ಕಿಟ್ಟು 1940ರಲ್ಲಿ ಇದನ್ನೇ ಕಿರುಕಾದಂಬರಿಯಾಗಿ ಬರೆದರು. ಜರ್ಮನ್ ಭಾಷೆಯ ಈ ಪುಸ್ತಕ ಜರ್ಮನಿಯಲ್ಲಿ ಬರುವಂತಿರಲಿಲ್ಲ, ಸ್ಟಾಕ್‌ಹೋಮ್‌ನಲ್ಲಿ ಅಚ್ಚಾಯಿತು.

1941ರಲ್ಲಿ ಬಂದ ಇಂಗ್ಲಿಷ್ ಅನುವಾದವನ್ನು ಮಾನ್ ಝಿಮ್ಮರ್‌ಗೆ ಅರ್ಪಿಸಿದರು. ನಿಮ್ಮಿಂದ ಪಡೆದದ್ದನ್ನು ಕೃತಜ್ಞತೆಯೊಂದಿಗೆ ವಾಪಸ್ ಕೊಡುತ್ತಿದ್ದೇನೆ ಎಂಬ ಅರ್ಥದ ಅರ್ಪಣೆ ಅದು. ಪಕ್ಕದ ಮನೆಯಿಂದ ಕಡ ತಂದ ಪಾತ್ರೆಯನ್ನು ಖಾಲಿ ಕೊಡಬಾರದು, ಏನಾದರೂ ತುಂಬಿಸಿ ಕೊಡಬೇಕು ಎನ್ನುತ್ತಾರಲ್ಲ, ಹಾಗೆ.

ಮಾನ್ ತುಂಬಿಸಿ ಕೊಟ್ಟದ್ದೇನು?

ಮೂಲ ಕಥೆ ಚಿಕ್ಕದು. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿ ತಲೆ ಬದಲಾಗುವುದು ಗಂಡನಿಗೂ ಹೆಂಡತಿಯ ಸಹೋದರನಿಗೂ. ಬೇರೆ ಪಾಠಗಳಲ್ಲಿ ಗಂಡನಿಗೂ ಅವನ ಗೆಳೆಯನಿಗೂ. ಗಂಡ ಯಾರೆಂದು ಬೇತಾಳ ಕೇಳುತ್ತಾನೆ. ದೇಹಕ್ಕೆ ತಲೆಯೇ ಮುಖ್ಯ, ಆದ್ದರಿಂದ ಗಂಡನ ತಲೆ ಇರುವವನೇ ಗಂಡ ಎನ್ನುತ್ತಾನೆ ರಾಜ. ಒಗಟು ಬಿಡಿಸಿತು, ಕಥೆ ಮುಗಿಯಿತು.

ಮಾನ್ ಆ ಉತ್ತರಕ್ಕೆ ನಿಲ್ಲಲಿಲ್ಲ. ತೀರ್ಪು ಬಂದ ಮೇಲೆ ಆ ಮೂವರ ಸಂಸಾರ ಏನಾಯಿತು ಎಂದು ಕೇಳಿದರು. ಅವರ ಕಥೆಯಲ್ಲಿ ಶ್ರೀದಮನ ಓದು ಬರಹದವನು, ನಂದ ಕಮ್ಮಾರಿಕೆ ಮಾಡುವ ದನಗಾಹಿ, ಹೆಣ್ಣು ಸೀತಾ. ಓದಿದವನ ತಲೆ ಹೊತ್ತ ಗಟ್ಟಿ ದೇಹ ದಿನ ಕಳೆದಂತೆ ಮೆತ್ತಗಾಗುತ್ತದೆ. ದುಡಿಯುವವನ ತಲೆ ಹೊತ್ತ ಮೆದು ದೇಹ ಗಟ್ಟಿಯಾಗುತ್ತದೆ. ಸೀತಾ ಬಯಸಿದ್ದು ಎರಡೂ ಸೇರಿದ ಒಬ್ಬನನ್ನು. ಆ ಒಬ್ಬ ಕೆಲವೇ ದಿನ ಇದ್ದು ಕರಗಿಹೋಗುತ್ತಾನೆ. ತಲೆಯೇ ಶ್ರೇಷ್ಠ ಎಂಬ ತೀರ್ಪಿನಿಂದ ಯಾರ ಬದುಕೂ ಹಸನಾಗುವುದಿಲ್ಲ. ಕೊನೆಗೆ ಮೂವರೂ ಸಾಯುತ್ತಾರೆ.

ಕೆರೇನಿಗೆ ಬರೆದ ಪತ್ರಗಳಲ್ಲಿ ಮಾನ್ ಹೇಳಿಕೊಂಡಿದ್ದ ಕೆಲಸವೇ ಇಲ್ಲಿ ನಡೆದಿದೆ. ಪುರಾಣ ಕೊಟ್ಟ ಉತ್ತರವನ್ನು ಮನುಷ್ಯರ ಮನಸ್ಸಿನ ಮೇಲೆ ಇಟ್ಟು ನೋಡುವುದು.

ಧಾರವಾಡಕ್ಕೆ ಬಂದ ಬಗೆ

ಕಾರ್ನಾಡರ ‘ಹಯವದನ’ 1971ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಮಾನ್ ಕೃತಿಯ ಋಣವನ್ನು ಕಾರ್ನಾಡರು ಮುಚ್ಚಿಡಲಿಲ್ಲ. ಬಿ.ವಿ. ಕಾರಂತರ ಜೊತೆ ಮುಖವಾಡ ಮತ್ತು ರಂಗಸಂಗೀತದ ಬಗ್ಗೆ ನಡೆದ ವಾದದ ನಡುವೆ ಈ ನಾಟಕ ತಮ್ಮ ತಲೆಯಲ್ಲಿ ರೂಪ ಪಡೆಯಿತು ಎಂದೂ ಬರೆದಿದ್ದಾರೆ.

ದೇವದತ್ತ ಬ್ರಾಹ್ಮಣ, ಕವಿ. ಕಪಿಲ ಕಮ್ಮಾರನ ಮಗ. ಪದ್ಮಿನಿಗೆ ಒಬ್ಬನ ಬುದ್ಧಿ ಬೇಕು, ಇನ್ನೊಬ್ಬನ ಮೈಕಟ್ಟು ಬೇಕು. ಇಷ್ಟು ಮಾನ್ ಹಾದಿಯೇ. ಆದರೆ ಕಾರ್ನಾಡರೂ ಪಾತ್ರೆಯನ್ನು ಖಾಲಿ ವಾಪಸ್ ಮಾಡಲಿಲ್ಲ. ಯಕ್ಷಗಾನದ ಭಾಗವತ ಬಂದ. ನಿದ್ದೆಗಣ್ಣಿನ ಕಾಳಿ ಬಂದಳು. ಮಾತನಾಡುವ ಗೊಂಬೆಗಳು ಬಂದವು. ಎಲ್ಲಕ್ಕಿಂತ ಮುಖ್ಯವಾಗಿ, ಕುದುರೆ ತಲೆಯ ಮನುಷ್ಯ ಹಯವದನ ಬಂದ. ಪೂರ್ತಿ ಮನುಷ್ಯನಾಗಬೇಕೆಂದು ಹೊರಟವನು ಪೂರ್ತಿ ಕುದುರೆಯಾಗುತ್ತಾನೆ. ಆನೆ ತಲೆಯ ಗಣಪತಿಯ ಪೂಜೆಯಿಂದಲೇ ನಾಟಕ ಶುರು. ಅಪೂರ್ಣ ರೂಪದ ದೇವರನ್ನೇ ವಿಘ್ನ ನಿವಾರಕ ಎಂದು ಪೂಜಿಸುವ ನಾವು, ಮನುಷ್ಯರಲ್ಲಿ ಮಾತ್ರ ಪೂರ್ಣತೆ ಹುಡುಕುವುದೇಕೆ ಎಂಬ ಪ್ರಶ್ನೆ ಕೊನೆಯ ತನಕ ಉಳಿಯುತ್ತದೆ.

ಮಾನ್ ಕೇಳಿದ್ದು ತಲೆ ದೊಡ್ಡದೋ ದೇಹ ದೊಡ್ಡದೋ ಎಂದು. ಕಾರ್ನಾಡರು ಕೇಳಿದ್ದು ಪೂರ್ಣತೆ ಎಂದರೇನು ಎಂದು. ತಲೆ ಮೇಲು, ಮೈ ಕೀಳು ಎಂಬ ಲೆಕ್ಕ ನಮ್ಮಲ್ಲಿ ಜಾತಿಯ ಲೆಕ್ಕವೂ ಹೌದಾದ್ದರಿಂದ, ಕನ್ನಡಕ್ಕೆ ಬಂದಾಗ ಆ ಪ್ರಶ್ನೆಗೆ ಇನ್ನೊಂದು ಚುರುಕು ಸೇರಿತು.

ಕಾರಂತರು ಈ ನಾಟಕವನ್ನು 1970ರ ದಶಕದಲ್ಲಿ ದೆಹಲಿಯ ದಿಶಾಂತರ್ ತಂಡಕ್ಕೆ ಹಿಂದಿಯಲ್ಲಿ ಆಡಿಸಿದರು. ಕನ್ನಡದ ಆಚೆಗೂ ಇದು ಭಾರತದ ನಾಟಕವಾಯಿತು.

ಮತ್ತೆ ಜರ್ಮನಿಗೆ

ಈ ಕಥೆಯ ಓಡಾಟ ಅಲ್ಲಿಗೂ ನಿಲ್ಲಲಿಲ್ಲ. 1984ರಲ್ಲಿ ವಿಜಯಾ ಮೆಹ್ತಾ ‘ಹಯವದನ’ವನ್ನು ಜರ್ಮನ್ ನಟರಿಂದ ಜರ್ಮನ್ ಭಾಷೆಯಲ್ಲಿ ಆಡಿಸಿದರು. ಊರು ವೈಮಾರ್, ಆಗಿನ ಪೂರ್ವ ಜರ್ಮನಿ.

ವೈಮಾರ್ ಮಹಾಕವಿ ಗಯಟೆಯ ಊರು. ಅಲ್ಲಿಯೇ ಕುಳಿತು ಗಯಟೆ 1820ರ ದಶಕದಲ್ಲಿ ಬರೆದ ‘ಪರಿಯಾ’ ಪದ್ಯಗಳಲ್ಲೂ ತಲೆ ಅದಲುಬದಲಾಗುವ ಭಾರತದ ಕಥೆಯೇ ಇದೆ. ಅದರ ಮೂಲ, ಫ್ರೆಂಚ್ ಪ್ರವಾಸಿ ಸೊನೆರಾ ದಾಖಲಿಸಿದ ದಕ್ಷಿಣ ಭಾರತದ ಐತಿಹ್ಯ: ಜಮದಗ್ನಿಯ ಹೆಂಡತಿ, ಪರಶುರಾಮನ ತಾಯಿ, ಅವಳ ತಲೆಗೆ ಜೋಡಿಸಿದ ಬೇರೊಬ್ಬ ಹೆಣ್ಣಿನ ದೇಹ. ಅಂದರೆ ನಮ್ಮ ರೇಣುಕೆ. ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನಾಗಿ ಪೂಜೆಗೊಳ್ಳುವವಳು.

ಅದೇ ವೈಮಾರ್‌ನ ಹೊರವಲಯದಲ್ಲೇ ನಾಜಿಗಳ ಬುಕೆನ್‌ವಾಲ್ಡ್ ಶಿಬಿರ ಇತ್ತು ಎಂಬುದನ್ನೂ ಮರೆಯುವಂತಿಲ್ಲ. ಒಂದೇ ಊರು ಎರಡನ್ನೂ ಕಂಡಿದೆ.

ಪತ್ರ ಬರೆದವರು ಏನಾದರು?

ಮಾನ್ 1938ರಲ್ಲಿ ಅಮೆರಿಕಕ್ಕೆ ಹೋಗಿ ಪ್ರಿನ್ಸ್‌ಟನ್‌ನಲ್ಲೂ ಆಮೇಲೆ ಕ್ಯಾಲಿಫೋರ್ನಿಯಾದಲ್ಲೂ ನೆಲೆಸಿದರು. 1944ರಲ್ಲಿ ಅಮೆರಿಕದ ಪ್ರಜೆಯಾದರು. 1952ರಲ್ಲಿ ಯುರೋಪಿಗೆ ಹಿಂದಿರುಗಿದರೂ ಮನೆ ಮಾಡಿದ್ದು ಸ್ವಿಟ್ಜರ್ಲೆಂಡ್‌ನಲ್ಲಿ. 1955ರ ಆಗಸ್ಟ್ 12ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ದೇಶಭ್ರಷ್ಟನಿಗೆ ಪತ್ರ ಬರೆಯುತ್ತಿದ್ದ ಕೆರೇನಿ ತಾವೇ ದೇಶಭ್ರಷ್ಟರಾದರು. 1943ರಲ್ಲಿ ಹಂಗೆರಿಯಿಂದ ಸ್ವಿಟ್ಜರ್ಲೆಂಡ್‌ಗೆ ಬಂದರು. 1944ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಹಂಗೆರಿಯನ್ನು ಹಿಡಿದ ಮೇಲೆ ಹಿಂದಿರುಗುವ ದಾರಿ ಮುಚ್ಚಿತು. ಹಂಗೆರಿಯಲ್ಲೇ ಇದ್ದ ಮಗಳು ಗ್ರಾಸಿಯಾ ಆಶ್ವಿಟ್ಜ್ ಶಿಬಿರಕ್ಕೆ ಹೋಗಿ ಬದುಕಿ ಬಂದರು. ಮುಂದೆ ಆಕೆ ಕವಿಯೂ ಅನುವಾದಕಿಯೂ ಆದರು.

ಮಾನ್–ಕೆರೇನಿ ಪತ್ರಗಳ ಮೊದಲ ಸಂಕಲನ ಯುದ್ಧ ಮುಗಿದ 1945ರಲ್ಲೇ ಜ್ಯೂರಿಕ್‌ನಲ್ಲಿ ಪ್ರಕಟವಾಯಿತು. ಪೂರ್ಣ ಸಂಗ್ರಹ 1960ರಲ್ಲಿ, ಇಂಗ್ಲಿಷ್ ಅನುವಾದ 1975ರಲ್ಲಿ ಬಂತು. ಕೆರೇನಿ 1973ರಲ್ಲಿ ನಿಧನರಾದರು.

ಈಗೇಕೆ ಓದಬೇಕು?

ಪುರಾಣದ ಬಗ್ಗೆ ನಮ್ಮಲ್ಲಿ ಜಗಳಕ್ಕೆ ಕೊರತೆಯಿಲ್ಲ. ಒಂದು ಕಡೆ, ಪುರಾಣವನ್ನು ಮುಟ್ಟಬೇಡಿ, ಅದು ನಮ್ಮದು ಎನ್ನುವವರು. ಇನ್ನೊಂದು ಕಡೆ, ಪುರಾಣವೇ ಬೇಡ, ಅದು ಅವರದು ಎನ್ನುವವರು. ಮಾನ್ ಮತ್ತು ಕೆರೇನಿ ಇದಕ್ಕಿಂತ ಕೆಟ್ಟ ಕಾಲದಲ್ಲಿ ಕುಳಿತು ಎರಡನ್ನೂ ಒಪ್ಪಲಿಲ್ಲ. ಬಿಟ್ಟುಕೊಟ್ಟರೆ ಅದು ದ್ವೇಷ ಹರಡುವವರ ಪಾಲಾಗುತ್ತದೆ. ಆದ್ದರಿಂದ ಬಿಡಬಾರದು, ಓದಬೇಕು, ಪ್ರಶ್ನೆ ಕೇಳಬೇಕು ಎಂಬುದು ಅವರು ಆರಿಸಿಕೊಂಡ ದಾರಿ.

ಆ ದಾರಿ ಬರೀ ಮಾತಲ್ಲ ಎನ್ನಲು ‘ಹಯವದನ’ವೇ ಸಾಕ್ಷಿ. ಕಾಶ್ಮೀರದ ಸೋಮದೇವ ಸಂಸ್ಕೃತದಲ್ಲಿ ಹೇಳಿದ್ದನ್ನು ಕೆಲಸ ಕಳೆದುಕೊಂಡ ಜರ್ಮನ್ ಪಂಡಿತ ಎತ್ತಿಟ್ಟರು. ದೇಶ ಕಳೆದುಕೊಂಡ ಜರ್ಮನ್ ಲೇಖಕ ಅದಕ್ಕೆ ಹೊಸ ಪ್ರಶ್ನೆ ಸೇರಿಸಿದರು. ಕನ್ನಡದ ನಾಟಕಕಾರ ಅದಕ್ಕೆ ಇನ್ನೊಂದು ಸೇರಿಸಿದರು. ಯಾರೂ ಇದು ನನ್ನದು ಮಾತ್ರ ಎನ್ನಲಿಲ್ಲ. ಪ್ರತಿಯೊಬ್ಬರೂ ಯಾರಿಂದ ಪಡೆದೆವು ಎಂದು ಹೇಳಿದರು.

ಮುಂದಿನ ಸಲ ‘ಹಯವದನ’ ನೋಡಲು ಹೋದಾಗ, ಪದ್ಮಿನಿ ಕತ್ತಲಲ್ಲಿ ಆ ಎರಡು ತಲೆಗಳನ್ನು ಎತ್ತಿಕೊಳ್ಳುವ ದೃಶ್ಯ ಬಂದಾಗ, ಈ ಪತ್ರಗಳನ್ನೂ ಒಮ್ಮೆ ನೆನಪಿಸಿಕೊಳ್ಳಿ.